ಕೂಸಿನ ಚೀಲದಲ್ಲಿ ಕಬ್ಬಿಣ

ಇಡೀ ಲೋಕ ದಸರಾ ನೋಡಲು ಮೈಸೂರಿಗೆ ನುಗ್ಗಿ ಬರುವ ದಿನವೇ ನಿಂಗಯ್ಯನ ಸಂಸಾರ ಮೈಸೂರು ಬಿಟ್ಟು ಹೊರಟಿತ್ತು. ವಿಜಯದಶಮಿಯ ಬೆಳಿಗ್ಗೆ ನಂಜನಗೂಡು ರಸ್ತೆಯಲ್ಲಿ ಎದುರಿಗೆ ಬರುವ ಬಸ್ಸು, ಕಾರು, ವ್ಯಾನುಗಳಿಗೆ ಲೆಕ್ಕವೇ ಇರಲಿಲ್ಲ. ಒಂದೊಂದರ ಮೂತಿಗೂ ಬಾಳೆಕಂದು, ಚೆಂಡುಹೂವಿನ ಹಾರ. ಹಿಂದಿನ ದಿನ ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ಇನ್ನೂ ದಾರಿಯುದ್ದಕ್ಕೂ ಬಿದ್ದಿದ್ದವು. ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆಗೆ ಹೋಗುತ್ತಿದ್ದದ್ದು ಇವರ ಟ್ಯಾಕ್ಸಿಯೊಂದೇ ಅನ್ನಬೇಕು. ಡ್ರೈವರ್ ಕೇಳಿಯೇಬಿಟ್ಟ, ಜಂಬೂಸವಾರಿ ಬಿಟ್ಟು ಎಲ್ಲಿಗೆ ಹೊರಟಿರಿ ಅಂತ.

ಕಾರಣ ಸಣ್ಣದಲ್ಲ. ಬಾಣಂತನಕ್ಕೆ ಬಂದಿದ್ದ ಮಗಳು ಗಗನಳನ್ನೂ ಅವಳ ಕೂಸನ್ನೂ ಗಂಡನ ಮನೆ ಸೇರಿಸಬೇಕು. ಕೂಸಿಗೆ ಐದು ತಿಂಗಳು ತುಂಬಿತ್ತು. ವಿಜಯದಶಮಿಯಾದರೆ ಮುಹೂರ್ತ ನೋಡುವ ಗೊಡವೆಯಿಲ್ಲ, ಯಾವ ಜೋಯಿಸನ ಬಾಗಿಲಿಗೂ ಹೋಗಬೇಕಾಗಿಲ್ಲ. ಅಳಿಯ ಮೋಹನ್ ಇರುವುದು ಹೈದರಾಬಾದಿನಲ್ಲಿ, ಔಷಧಿ ಕಂಪನಿಯೊಂದರ ಗೋದಾಮಿನ ಮೇಸ್ತ್ರಿ. ಎಳೆಗೂಸನ್ನು ರೈಲಿನಲ್ಲಿ ಕೂಡಿಸಿಕೊಂಡು ಬರಬೇಡಿ ಎಂದು ಅವನೇ ವಿಮಾನದ ಟಿಕೆಟ್ ಮಾಡಿಸಿದ್ದ. ಅಜ್ಜಿ ತಾತನಿಗೂ ಸೇರಿಸಿ. ನಿಂಗಯ್ಯ, ಅವನ ಹೆಂಡತಿ ಶಿವನಂಜಮ್ಮ, ಇಬ್ಬರಿಗೂ ವಿಮಾನ ಇದೇ ಮೊದಲು.

ಶಿವನಂಜಮ್ಮ ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯುಟ್ಟು ಮದುವೆಗೆ ಹೊರಟವಳ ಹಾಗೆ ಕೂತಿದ್ದಳು. ಮುಂದೆ ಕೂತಿದ್ದ ನಿಂಗಯ್ಯ ಕಿಟಕಿಯ ಗಾಜು ಇಳಿಸಿ ಗಾಳಿ ಕುಡಿಯುತ್ತಿದ್ದ. ಅವನಿಗೆ ವಿಮಾನದ ಭಯವಲ್ಲ. ನಿನ್ನೆಯಿಂದ ಅವನನ್ನು ಕಾಡುತ್ತಿದ್ದ ಭಯವೇ ಬೇರೆ.

ನಜರ್‌ಬಾದ್‌ನಲ್ಲಿ ಮನೆಯ ಮುಂಭಾಗವನ್ನೇ ಗ್ಯಾರೇಜು ಮಾಡಿಕೊಂಡು ಸ್ಕೂಟರ್ ರಿಪೇರಿ ಮಾಡುವ ನಿಂಗಯ್ಯನನ್ನು ಬೀಡಿಯಿಲ್ಲದೆ ಕಂಡವರೇ ಇರಲಿಲ್ಲ. ಮೀಸೆ ಮೂಡುವ ಮೊದಲೇ ತುಟಿಗೆ ಬಂದಿದ್ದ ಬೀಡಿ ಅದು. ಹೆಂಡತಿ ಅತ್ತಳು, ಬೈದಳು, ಚಾಮುಂಡಿಗೆ ಹರಕೆ ಹೊತ್ತಳು. ಒಂದೂ ನಾಟಲಿಲ್ಲ. ಆದರೆ ಮೊಮ್ಮಗಳು ಹುಟ್ಟಿ, ತಿಂಗಳು ತುಂಬುವ ಮೊದಲೇ ಒಂದು ದಿನ ಕೂಸು ಕೆಮ್ಮುವುದಕ್ಕೆ ಶುರು ಮಾಡಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಮನೆಯಲ್ಲಿ ಯಾರು ಸೇದುತ್ತಾರೆ ಎಂದು ಕೇಳಿದರು. ಎಲ್ಲರ ಕಣ್ಣೂ ನಿಂಗಯ್ಯನ ಕಡೆ ತಿರುಗಿತು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದ ಮೇಲೆ ಗಗನ ಕೂಗಾಡಲಿಲ್ಲ. ತೊಟ್ಟಿಲ ಪಕ್ಕ ನಿಂತು ಮೆಲ್ಲಗೆ ಹೇಳಿದಳು.

"ಬೀಡಿ ಹಿಡಿಯೋ ಕೈಲಿ ನನ್ನ ಕೂಸನ್ನ ಹಿಡೀಬೇಡ ಅಪ್ಪ. ಎರಡರಲ್ಲಿ ಯಾವ್ದು ಬೇಕೋ ನೀನೇ ನೋಡ್ಕೊ."

ನಿಂಗಯ್ಯ ಯೋಚನೆ ಕೂಡ ಮಾಡಲಿಲ್ಲ. ಕೂಸಿನ ತಲೆಯ ಮೇಲೆ ಕೈಯಿಟ್ಟು, ಇನ್ನು ಬೀಡಿ ಸಿಗರೇಟು ಮುಟ್ಟುವುದಿಲ್ಲ ಎಂದು ಆಣೆ ಮಾಡಿಬಿಟ್ಟ. ಎಂಥ ಆಣೆ ನೋಡಿ! ದೇವರ ಮುಂದೆ ಮಾಡಿದ್ದರೆ ತಪ್ಪುಕಾಣಿಕೆ ಕಟ್ಟಿ ಪಾರಾಗಬಹುದಿತ್ತು. ಎಳೆಗೂಸಿನ ನೆತ್ತಿ ಮುಟ್ಟಿ ಮಾಡಿದ್ದಕ್ಕೆ ಯಾವ ಕಾಣಿಕೆಯೂ ಇಲ್ಲ.

ಅವತ್ತಿನಿಂದ ಮನೆಯಲ್ಲಿ ಒಂದು ಪದ್ಧತಿ ಬಂತು. ಕೂಸನ್ನು ಎತ್ತಿಕೊಳ್ಳುವ ಮೊದಲು ನಿಂಗಯ್ಯ ಸೋಪು ಹಚ್ಚಿ ಕೈ ತೊಳೆದು, ಎರಡೂ ಕೈಯ ಬೆರಳುಗಳನ್ನು ಮಗಳ ಮೂಗಿನ ಮುಂದೆ ಚಾಚಬೇಕು. ಅವಳು ಮೂಸಿ ನೋಡಿ, ಸರಿ ಎಂದು ತಲೆಯಾಡಿಸಿದ ಮೇಲೆ ಕೂಸು ಕೈಗೆ. ಗ್ಯಾರೇಜಿಗೆ ಬಂದವರು ನೋಡಿ ನಗುತ್ತಿದ್ದರು. ನಗಲಿ ಬಿಡಿ, ನಿಂಗಯ್ಯನಿಗೆ ಅದರಲ್ಲೇ ಹೆಮ್ಮೆ. ಆ ಕೂಸು ಅವನ ಗ್ರೀಸು ಹಿಡಿದ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೆ ಸಾಕು, ಅರ್ಧ ಬಿಚ್ಚಿದ ಎಂಜಿನ್ನನ್ನೂ ಮರೆತು ಕೂತುಬಿಡುತ್ತಿದ್ದ.

ಆದರೆ ದೇಹ ಕೇಳಬೇಕಲ್ಲ. ಕೆಲವು ವಾರ ಕಳೆಯುತ್ತಲೇ ಸಣ್ಣ ಮಾತಿಗೂ ಗಿರಾಕಿಗಳ ಮೇಲೆ ರೇಗತೊಡಗಿದ. ಅವನ ಪಾಡು ನೋಡಿ ಸುನಿಲ್ ಎಂಬ ಗಿರಾಕಿ ಒಂದು ದಿನ ಜೇಬಿನಿಂದ ನೀಲಿ ಬಣ್ಣದ ಪೆನ್ನಿನಂಥದ್ದೊಂದು ತೆಗೆದುಕೊಟ್ಟ. ಇದು ಬೀಡಿಯಲ್ಲ, ಸಿಗರೇಟೂ ಅಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ, ಬರೀ ಆವಿ, ವೇಪ್ ಅಂತಾರೆ, ಫಾರಿನ್ನಿನಲ್ಲಿ ಡಾಕ್ಟರುಗಳೇ ಇದನ್ನು ಸೇದಿ ಅನ್ನುತ್ತಾರೆ ಎಂದು ತಲೆ ಸವರಿದ. ಮಾವಿನಹಣ್ಣಿನ ಘಮಲು ಬೇರೆ. ನಿಂಗಯ್ಯ ಆಣೆಯ ಮಾತನ್ನು ಒಮ್ಮೆ ನೆನೆಸಿಕೊಂಡ. ಬೀಡಿ ಅಂದಿದ್ದೆ, ಸಿಗರೇಟು ಅಂದಿದ್ದೆ, ಪೆನ್ನು ಅಂದಿರಲಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವುದು ಇಂಥ ಜಾಣರನ್ನು ನೋಡಿಯೇ ಹುಟ್ಟಿದ ಮಾತು.

ಹಾಗಂತ ನೆಮ್ಮದಿಯಾಗಿ ಸೇದಿದನೇ? ಅದೂ ಇಲ್ಲ. ಗ್ಯಾರೇಜಿನ ಪಕ್ಕದ ಸಂದಿಯಲ್ಲಿ ನಿಂತು ಒಂದೊಂದು ಸಲ ಎಳೆದಾಗಲೂ ಕೂಸಿನ ನೆತ್ತಿ ಬಡಿದುಕೊಳ್ಳುವುದು ಕಣ್ಣಿಗೆ ಕಟ್ಟುತ್ತಿತ್ತು. ರಾತ್ರಿ ಕೂಸು ಒಂದು ಸಲ ಸೀನಿದರೂ ತನ್ನಿಂದಲೇ ಆಯಿತು ಎಂದು ಎದ್ದು ಕೂರುತ್ತಿದ್ದ. ಒಮ್ಮೆ ಗಗನ ಬೆರಳು ಮೂಸಿ, ಇದೇನು ಅಪ್ಪ ಮಾವಿನಹಣ್ಣಿನ ವಾಸನೆ ಎಂದು ಕೇಳಿದ್ದಕ್ಕೆ ಪೆಪ್ಪರ್ಮೆಂಟು ತಿಂದೆ ಎಂದು ಸುಳ್ಳು ಹೇಳಿದ. ಅವಳು ನಂಬಿ ಕೂಸನ್ನು ಕೊಟ್ಟಳು. ನಂಬಿದ್ದೇ ಅವನಿಗೆ ಚುಚ್ಚಿತು.

ಪೆನ್ನನ್ನು ಅವನು ಬಚ್ಚಿಡುತ್ತಿದ್ದದ್ದು ಸ್ಪ್ಯಾನರ್ ಪೆಟ್ಟಿಗೆಯ ತಳದಲ್ಲಿ. ಶಿವನಂಜಮ್ಮ ವರ್ಷಪೂರ್ತಿ ಆ ಪೆಟ್ಟಿಗೆಯ ಹತ್ತಿರ ಸುಳಿಯುವವಳಲ್ಲ, ಸೀರೆಗೆ ಎಣ್ಣೆ ಮೆತ್ತುತ್ತದೆ ಎಂದು ಮೂಗು ಮುರಿಯುವವಳು. ವರ್ಷಕ್ಕೆ ಒಂದೇ ಒಂದು ದಿನ ಮಾತ್ರ ಆ ಪೆಟ್ಟಿಗೆಯನ್ನು ಬುಡಮೇಲು ಮಾಡಿ, ಒಂದೊಂದು ಸಾಮಾನನ್ನೂ ಒರೆಸಿ ಹೊಳೆಯಿಸಿ ದೇವರ ಮುಂದೆ ಸಾಲಾಗಿ ಇಡುತ್ತಾಳೆ. ಆಯುಧಪೂಜೆಯ ದಿನ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಈ ಮಹಾನುಭಾವ ಅದನ್ನು ಮರೆತಿದ್ದ!

ಹೂವು, ಬಾಳೆಕಂದು, ಬೂದುಗುಂಬಳ ತರಲು ದೇವರಾಜ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಪೂಜೆ ಸಜ್ಜಾಗಿತ್ತು. ಹೊಲಿಗೆ ಯಂತ್ರ, ಕತ್ತರಿ, ಈಳಿಗೆಮಣೆ, ಸುತ್ತಿಗೆ, ಸ್ಪ್ಯಾನರುಗಳು. ಅವುಗಳ ನಟ್ಟನಡುವೆ ನೀಲಿ ಪೆನ್ನು. ಅದಕ್ಕೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ನಿಂಗಯ್ಯನ ಕೈಯಲ್ಲಿದ್ದ ಬೂದುಗುಂಬಳ ಅಲ್ಲಿಯೇ ಒಡೆಯುವುದರಲ್ಲಿತ್ತು.

ಇದು ಯಾವುದು ಹೊಸ ಸಾಮಾನು, ಪೆಟ್ಟಿಗೆಯ ತಳದಲ್ಲಿತ್ತು ಎಂದು ಹೆಂಡತಿ ಕೇಳಿದಳು. ಬ್ಯಾಟರಿ ನೋಡುವ ಟೆಸ್ಟರು ಎಂದ. ಎಷ್ಟು ಮುದ್ದಾಗಿದೆ ಎಂದು ಅವಳು ಅದಕ್ಕೆ ಇನ್ನೂ ಒಂದು ಹೂವು ಏರಿಸಿದಳು. ಗಗನ ಅಳುವ ಕೂಸನ್ನು ತಟ್ಟುತ್ತಾ ಬಾಗಿಲಲ್ಲೇ ನಿಂತು ಮಂಗಳಾರತಿ ತೆಗೆದುಕೊಂಡದ್ದು ಅವನ ಪುಣ್ಯ. ಒಳಗೆ ಬಂದಿದ್ದರೆ ಗೊತ್ತಾಗಿಬಿಡುತ್ತಿತ್ತು.

ಇನ್ನು ಅದನ್ನು ಎತ್ತಿ ಅಡಗಿಸೋಣವೆಂದರೆ ಆಗದು. ಪೂಜೆ ಮಾಡಿದ ಆಯುಧವನ್ನು ಮಾರನೆಯ ದಿನ ಮರುಪೂಜೆಯಾಗುವ ತನಕ ಮುಟ್ಟುವಂತಿಲ್ಲ. ಅದು ಹೆಂಡತಿಯ ಮನೆಯ ಕಟ್ಟುಪಾಡು. ಅವಳು ಒಂದು ಸೂಜಿಯನ್ನೂ ಅಲುಗಿಸಲು ಬಿಡುವವಳಲ್ಲ. ಹಾಗಾಗಿ ಅವತ್ತಿಡೀ ದಿನ ನಿಂಗಯ್ಯ ದೇವರಿಗೆ ಕೈ ಮುಗಿಯುವ ನೆಪದಲ್ಲಿ ಮತ್ತೆ ಮತ್ತೆ ಹೋಗಿ ಆ ಪೆನ್ನನ್ನು ನೋಡಿ ಬಂದ. ಇವತ್ತೇನು ಇಷ್ಟು ಭಕ್ತಿ ಎಂದು ಶಿವನಂಜಮ್ಮನಿಗೆ ಸಂತೋಷವಾಯಿತು.

ಬೆಳಗಾಗುತ್ತಲೇ ಎತ್ತಿ ಮೋರಿಗೆ ಎಸೆಯುವುದೆಂದು ಅವನು ತೀರ್ಮಾನ ಮಾಡಿದ್ದ. ಸ್ನಾನ ಮಾಡಿ ಬರುವಷ್ಟರಲ್ಲಿ ಮರುಪೂಜೆ ಮುಗಿದು, ಸಾಮಾನುಗಳೆಲ್ಲ ಪೆಟ್ಟಿಗೆ ಸೇರಿ, ಗ್ಯಾರೇಜಿಗೆ ಬೀಗವೂ ಬಿದ್ದಿತ್ತು. ಹೊರಗೆ ಟ್ಯಾಕ್ಸಿ ಹಾರನ್ ಹೊಡೆಯುತ್ತಿತ್ತು. ಪೆನ್ನೂ ಪೆಟ್ಟಿಗೆಯೊಳಗೆ ಹೋಯಿತು ಎಂದುಕೊಂಡು ಅವನು ಕಾರು ಹತ್ತಿದ. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ದಾರಿಯುದ್ದಕ್ಕೂ ಅವನಿಗೆ ಸಮಾಧಾನವಾಗಲಿಲ್ಲ.

ನಿಲ್ದಾಣದ ಬಾಗಿಲಲ್ಲಿ ದೊಡ್ಡ ಫಲಕವಿತ್ತು. ಒಳಗೆಲ್ಲೂ ಧೂಮಪಾನ ಕೂಡದು. ಬೆಂಕಿಪೊಟ್ಟಣ, ಲೈಟರ್, ಇ-ಸಿಗರೇಟು ಕೈಚೀಲದಲ್ಲೂ ಇರಕೂಡದು, ದೊಡ್ಡ ಸಾಮಾನಿನಲ್ಲೂ ಇರಕೂಡದು. ಓದು ಬಾರದವರಿಗೂ ತಿಳಿಯಲೆಂದು ಪಕ್ಕದಲ್ಲಿ ಚಿತ್ರಗಳು. ಕೊನೆಯ ಚಿತ್ರ ನೋಡಿ ನಿಂಗಯ್ಯನ ಎದೆ ಝಲ್ಲೆಂದಿತು. ಪೆನ್ನಿನಂಥದ್ದು, ತುದಿಯಲ್ಲಿ ಆವಿ, ಮೇಲೆ ಕೆಂಪು ಅಡ್ಡಗೆರೆ. ಫಲಕದ ಕೆಳಗೆ ಗಾಜಿನ ಡಬ್ಬವೊಂದಿತ್ತು. ಅದರಲ್ಲಿ ಜನ ಬಿಟ್ಟುಹೋದ ಲೈಟರುಗಳು, ಬೆಂಕಿಪೊಟ್ಟಣಗಳು ರಾಶಿ ಬಿದ್ದಿದ್ದವು.

ಅಬ್ಬಾ, ಮನೆಯಲ್ಲೇ ಉಳಿಯಿತಲ್ಲ ಎಂದು ಅವನು ಉಸಿರು ಬಿಟ್ಟ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಪೆಟ್ಟಿಗೆಗಳನ್ನು ತಳ್ಳುಗಾಡಿಗೆ ಹೇರುತ್ತಾ ಹಿಂದೆ ತಿರುಗಿದಾಗ ಗಗನ ಕೂಸಿನ ಟೋಪಿಗೆಂದು ಚೀಲ ತಡಕುತ್ತಿದ್ದಳು. ಆಮೇಲೆ ಡಬ್ಬದ ಹತ್ತಿರ ಬಗ್ಗಿದಳು. ಕೂಸಿನ ಮೂತಿ ಒರೆಸಿದ ಕಾಗದವೋ ಏನೋ ಎಸೆದಳು ಎಂದುಕೊಂಡ.

ಒಳಗೆ ಹೋದ ಮೇಲೆ ಅವಳ ಕೈ ಸೋತಿರಬೇಕೆಂದು, ಕೂಸನ್ನು ಇತ್ತ ಕೊಡು ಎಂದ. ಬೇಡ, ಇರಲಿ ಎಂದಳು. ಸಾಮಾನು ತೂಕಕ್ಕೆ ಹಾಕುವಾಗ ಮತ್ತೆ ಕೇಳಿದ. ಬೇಡಪ್ಪ ಎಂದಳು, ಅವನ ಮುಖ ನೋಡದೆ. ಬೆರಳು ಕೂಡ ಮೂಸಲಿಲ್ಲ. ನಿಂಗಯ್ಯನ ಎರಡು ಕೈಗಳೂ ಕೆಲಸವಿಲ್ಲದೆ ಜೋತುಬಿದ್ದವು. ಊರು ಬಿಡುವ ಸಂಕಟವಿರಬೇಕು ಪಾಪ ಎಂದು ತನಗೆ ತಾನೇ ಹೇಳಿಕೊಂಡ.

ಅಲ್ಲಿ ಕಪ್ಪು ಜಾಕೀಟು ತೊಟ್ಟ ತರುಣನೊಬ್ಬ ಕೌಂಟರಿನವರನ್ನು ಸೇದುವ ಕೋಣೆ ಎಲ್ಲಿ ಎಂದು ಕೇಳುತ್ತಿದ್ದ. ಇಲ್ಲಿ ಅಂಥ ಕೋಣೆಯೇ ಇಲ್ಲ, ಸೇದುವುದಿದ್ದರೆ ಬಾಗಿಲ ಹೊರಗೇ ಮುಗಿಸಿ ಬರಬೇಕಿತ್ತು, ಈಗ ಒಳಗೆ ಬಂದಾಯಿತು ಎಂದು ಅವರು ನಯವಾಗಿಯೇ ಹೇಳಿದರು. ತರುಣ ಗೊಣಗಿಕೊಂಡು ತಪಾಸಣೆಯ ಸಾಲಿಗೆ ಬಂದು ನಿಂತ. ಅವನ ಹಿಂದೆ ಗಗನ, ಅವಳ ಹಿಂದೆ ಇವರಿಬ್ಬರು.

ತರುಣನ ಚೀಲ ಯಂತ್ರದೊಳಗೆ ಹೋದದ್ದೇ ತಡ, ಚೀಲ ಸಾಗಿಸುವ ಪಟ್ಟಿ ನಿಂತಿತು. ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಚೀಲ ಬಿಚ್ಚಿಸಿ, ಬಟ್ಟೆಯ ಮಡಿಕೆಯೊಳಗಿಂದ ಪೆನ್ನಿನಂಥದ್ದೊಂದನ್ನು ಮೇಲೆತ್ತಿದಳು. ಇದು ಪೆನ್‌ಡ್ರೈವ್ ಎಂದು ತರುಣ ವಾದಿಸಿದ. ದೇಶದಲ್ಲೇ ಮಾರುವಂತಿಲ್ಲ, ನೀವು ವಿಮಾನ ಹತ್ತಿಸಲು ಹೊರಟಿದ್ದೀರಿ, ಮೇಲಾಗಿ ಸುಳ್ಳು ಬೇರೆ ಎಂದು ಅವಳು ಗದರಿ, ಅವನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿದಳು. ಇನ್ನಿಬ್ಬರು ಬಂದು ಅವನ ಹೆಸರು, ಊರು ವಿಚಾರಿಸತೊಡಗಿದರು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ನಿಂಗಯ್ಯ ಮನಸ್ಸಿನಲ್ಲೇ ಸುನಿಲನ ಏಳು ತಲೆಮಾರನ್ನು ನೆನೆಸಿಕೊಂಡ.

ಆಗ ಶಿವನಂಜಮ್ಮ ಅವನ ತೋಳು ಜಗ್ಗಿದಳು.

"ಏನ್ರೀ, ಅದು ನಿಮ್ಮ ಟೆಸ್ಟರ್ ಥರಾನೇ ಐತಲ್ಲ? ಅದ್ಯಾಕೆ ಹಿಡ್ಕೊಂಡ್ರು?"

ಏನೋ ಇರಬೇಕು ಬಿಡು ಎಂದ. ಅವಳು ಬಿಡಲಿಲ್ಲ.

"ಅಲ್ಲ ಕಣ್ರೀ, ನಿಮ್ದೂ ಹಿಡೀತಾರಾ ಅಂತ. ಕೂಸಿನ ಚೀಲದಾಗೆ ಇಟ್ಟಿದ್ದೀನಿ."

ನಿಂಗಯ್ಯನ ಕಿವಿಯೊಳಗೆ ಗುಂಯ್ ಎಂದಿತು. ಹೆಂಡತಿ ಪಿಸುಗುಡುತ್ತಲೇ ಇದ್ದಳು. ಎಳೆಗೂಸು ಮೊದಲ ಸಲ ಊರ ಗಡಿ ದಾಟುವಾಗ ಜೊತೆಗೆ ಒಂದು ಚೂರು ಕಬ್ಬಿಣವಾದರೂ ಇರಬೇಕು, ಗಾಳಿಗೀಳಿ ಸೋಕಬಾರದು. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಮಾಡಿಕೊಂಡು ಬಂದದ್ದು. ಚಾಕು, ಮೊಳೆ ವಿಮಾನಕ್ಕೆ ಬಿಡುವುದಿಲ್ಲ ಎಂದು ಗಗನ ಮೊದಲೇ ಹೇಳಿದ್ದಳು. ಸ್ಪ್ಯಾನರು ಭಾರ. ಈ ಟೆಸ್ಟರಾದರೆ ಚೂಪಿಲ್ಲ, ಹಗುರ, ಮೇಲಾಗಿ ಆಯುಧಪೂಜೆಯಲ್ಲಿ ಪೂಜೆಗೊಂಡದ್ದು. ಹಾಗಾಗಿ ಬೇವಿನ ಎಲೆಯ ಜೊತೆ ಕೂಸಿನ ಬಟ್ಟೆಗಳ ನಡುವೆ ಇಟ್ಟಿದ್ದಳು. ವಿಭೂತಿ ಕುಂಕುಮ ಅಳಿಸಿರಲಿಲ್ಲ.

ಆಣೆ ಮುರಿಸಿದ ವಸ್ತುವೇ ಕೂಸಿನ ಕಾವಲಿಗೆ ಕೂತಿದೆ!

ಮುಂದೆ ಗಗನ ಯಂತ್ರದ ಪಟ್ಟಿಯ ಹತ್ತಿರ ಬಂದಿದ್ದಳು. ಒಂದು ತೋಳಿನಲ್ಲಿ ಕೂಸು, ಇನ್ನೊಂದರಲ್ಲಿ ಆ ಚೀಲ. ಸುಳ್ಳು ಹೇಳಬಾರದು, ನಿಂಗಯ್ಯನಿಗೆ ಮೊದಲು ಬಂದದ್ದು ಕೆಟ್ಟ ಯೋಚನೆಯೇ. ಸುಮ್ಮನಿದ್ದುಬಿಡೋಣ. ನನಗೇನೂ ಗೊತ್ತಿಲ್ಲ ಎಂದು ಅವಳು ಹೇಳುತ್ತಾಳೆ. ಎಳೆಗೂಸಿನ ತಾಯಿಯನ್ನು ಯಾರು ಏನು ಮಾಡಿಯಾರು? ತಪ್ಪು ಅಜ್ಜಿಯದೆಂದು ಆಗುತ್ತದೆ, ಎಲ್ಲರೂ ನಗುತ್ತಾರೆ, ಮುಗಿಯುತ್ತದೆ. ಆಣೆ ಮುರಿದದ್ದು ಯಾರಿಗೂ ತಿಳಿಯುವುದಿಲ್ಲ. ಹೈದರಾಬಾದಿಗೆ ಹೋಗಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಬಹುದು.

ಅಷ್ಟರಲ್ಲಿ ಖಾಕಿ ಹೆಣ್ಣುಮಗಳು ಗಗನಳ ಕಡೆ ನೋಡಿ, ಚೀಲ ಇಡಿ ಎಂದು ಕೈ ಮಾಡಿದಳು. ಆ ತರುಣ ಇನ್ನೂ ಗೋಡೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅವನ ಜಾಗದಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡ ಗಗನ ನಿಂತಂತೆ, ಅಷ್ಟು ಜನ ಕತ್ತು ಚಾಚಿ ಅವಳನ್ನು ನೋಡಿದಂತೆ ನಿಂಗಯ್ಯನಿಗೆ ಕಂಡಿತು. ಅವನ ಕಾಲು ತಾನಾಗಿಯೇ ಮುಂದೆ ಹೋಯಿತು.

"ಅವ್ವ, ಆ ಚೀಲ ಇಡಬ್ಯಾಡ."

ಗಗನ ತಿರುಗಿದಳು.

"ಅದ್ರಾಗೆ ಒಂದು ವಸ್ತು ಐತೆ. ಆ ಹುಡುಗನ ಹತ್ರ ಸಿಕ್ತಲ್ಲ, ಅಂಥದ್ದೇ. ನಂದು. ನಿಮ್ಮವ್ವಂಗೆ ಅದೇನು ಅಂತ ಗೊತ್ತಿಲ್ಲ, ಟೆಸ್ಟರು ಅಂತ ನಾನೇ ಸುಳ್ಳು ಹೇಳಿದ್ದೆ." ಅವನು ಕೂಸಿನ ನೆತ್ತಿಯ ಕಡೆ ನೋಡಿದ. "ಆಣೆ ಮುರಿದ್ಬುಟ್ಟೆ ಕಣವ್ವ. ಕೂಸಿನ ತಲೆ ಮುಟ್ಟಿ ಹೇಳಿದ್ದು, ಉಳಿಸ್ಕೊಳ್ಳಕ್ಕೆ ಆಗ್ಲಿಲ್ಲ. ನೀವಿಬ್ರೂ ಹೋಗಿ. ನಾನು ಇಲ್ಲೇ ನಿಂತು, ಇದು ನಂದು ಅಂತ ಅವ್ರಿಗೆ ಹೇಳ್ತೀನಿ."

ಇಷ್ಟು ಹೇಳಿ ಅವನು ನೆಲ ನೋಡುತ್ತಾ ನಿಂತ. ವಿಚಿತ್ರ ನೋಡಿ, ಪೊಲೀಸರು ಹಿಡಿಯುತ್ತಾರೋ, ವಿಮಾನ ತಪ್ಪುತ್ತದೋ ಅನ್ನುವ ಭಯಕ್ಕಿಂತ, ಹೇಳಿಬಿಟ್ಟೆನಲ್ಲ ಎನ್ನುವ ಹಗುರವೇ ಹೆಚ್ಚಾಗಿತ್ತು. ತಿಂಗಳುಗಟ್ಟಲೆ ಎದೆಯ ಮೇಲಿದ್ದ ಒರಳುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

ಗಗನ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು.

"ಅದು ಚೀಲದಲ್ಲಿ ಇಲ್ಲ ಅಪ್ಪ. ಬಾಗಿಲ ಹತ್ರಾನೇ ಆ ಡಬ್ಬಕ್ಕೆ ಹಾಕ್ಬುಟ್ಟೆ."

ನಿಂಗಯ್ಯ ತಲೆಯೆತ್ತಿದ. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಮಾತಲ್ಲ, ನಿಜವಾಗಿಯೂ ಹಾಗೆಯೇ ಆಗುತ್ತದೆ ಎಂದು ಅವನಿಗೆ ಆಗ ತಿಳಿಯಿತು. ಟೋಪಿ ಹುಡುಕುವಾಗ ಕೈಗೆ ಸಿಕ್ಕಿತು ಎಂದಳು ಗಗನ. ಕುಂಕುಮ ಇಟ್ಟ ವೇಪ್ ನೋಡಿ ಮೊದಲು ಏನೂ ಅರ್ಥವಾಗಲಿಲ್ಲವಂತೆ. ಆಮೇಲೆ ಮೂಸಿ ನೋಡಿದಳಂತೆ.

"ಇದೇನಾ ಅಪ್ಪ ನೀನು ತಿಂದ ಮಾವಿನಹಣ್ಣಿನ ಪೆಪ್ಪರ್ಮೆಂಟು?"

ನಿಂಗಯ್ಯ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

"ನೀನು ಹೇಳ್ದೆ ಇದ್ದಿದ್ರೆ ನಾನೂ ಕೇಳ್ತಿರ್ಲಿಲ್ಲ," ಎಂದಳು ಅವಳು. "ಹಬ್ಬದ ದಿನ ತವರು ಬಿಟ್ಟು ಹೋಗೋವಾಗ ಜಗಳ ಯಾಕೆ ಅಂತ ಸುಮ್ನಿದ್ದೆ. ಸುಮ್ನೆ ಹೋಗಿ, ಇನ್ಯಾವತ್ತೂ ಕೂಸನ್ನ ನಿನ್ನ ಕೈಗೆ ಕೊಡ್ತಿರ್ಲಿಲ್ಲ ಅಷ್ಟೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನಿಂಗಯ್ಯನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. ಒಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ, ತಾನು ಗೆದ್ದೆನೆಂದು ತಿಳಿದು ಕೂಸನ್ನು ಕಳೆದುಕೊಳ್ಳುತ್ತಿದ್ದ. ಕಳೆದುಕೊಂಡದ್ದೂ ಗೊತ್ತಾಗುತ್ತಿರಲಿಲ್ಲ.

ಇತ್ತ ಶಿವನಂಜಮ್ಮನಿಗೆ ಈಗ ಒಂದೊಂದಾಗಿ ತಲೆಗೆ ಹತ್ತುತ್ತಿತ್ತು. ಅವಳು ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು, ಗೋಡೆಯ ಪಕ್ಕದ ತರುಣನನ್ನು ನೋಡಿದಳು.

"ಆ ಹಾಳು ವಸ್ತುವಿಗೆ ನನ್ನ ಕೈಲಿ ಮಂಗಳಾರತಿ ಎತ್ತಿಸಿದ್ರಲ್ರೀ," ಎಂದಳು. "ಎರಡು ಹೂವು ಬೇರೆ ಏರಿಸಿದ್ನಲ್ಲ!"

ಗಗನಳ ತುಟಿಯ ಅಂಚಿನಲ್ಲಿ ನಗು ಬಂದದ್ದು ಆಗಲೇ. ಅವಳು ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ತಾಯಿಯೂ ನಕ್ಕಳು, ನಗುತ್ತಲೇ ಗಂಡನ ಬೆನ್ನಿಗೊಂದು ಗುದ್ದಿದಳು. ಅವಳು ಇಟ್ಟ ಕುಂಕುಮದಿಂದಲೇ ಅಲ್ಲವೇ, ನಿನ್ನೆಯಿಡೀ ಇವನು ಅದನ್ನು ಮುಟ್ಟಲಾಗದೆ ಕೂತದ್ದು? ನಿಂಗಯ್ಯನಿಗೂ ಅದು ಆಗ ಹೊಳೆಯಿತು. ಮೊನ್ನೆ ಸಂಜೆ ಎಳೆದದ್ದೇ ಕೊನೆ. ಭಯದಲ್ಲಿ ಅದರ ಆಸೆಯೂ ಮರೆತುಹೋಗಿತ್ತು. ಒಂದು ಹಗಲು, ಒಂದು ರಾತ್ರಿ ಅದಿಲ್ಲದೆ ಕಳೆದಿದ್ದ, ಸತ್ತಿರಲಿಲ್ಲ. ಹಾಗಾದರೆ ಇವತ್ತನ್ನೂ ಕಳೆಯಬಹುದು ಅನ್ನಿಸಿತು. ನಾಳೆಯದು ನಾಳೆ ನೋಡಿದರಾಯಿತು.

"ಕೂಸಿಗೆ ಈಗ ಕಬ್ಬಿಣ ಇಲ್ಲದೆ ಹೋಯ್ತಲ್ಲ," ಎಂದು ಶಿವನಂಜಮ್ಮ ಕಣ್ಣೊರೆಸಿಕೊಂಡು ಮತ್ತೆ ತನ್ನ ಚಿಂತೆಗೆ ಬಂದಳು. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೂಸಿನ ಟೋಪಿಯ ಮಡಿಕೆಗೆ ಚುಚ್ಚಿಟ್ಟಳು. ಇದೂ ಬೇಡ ಅಂದರೆ ಆ ಖಾಕಿಯವಳ ಜೊತೆ ನಾನೇ ಮಾತಾಡುತ್ತೇನೆ ಎಂದಳು.

ಖಾಕಿಯವಳಿಗೆ ಆಗಲೇ ಸಾಕಾಗಿತ್ತು. ಸಂಸಾರದ ಮಾತು ಮನೆಯಲ್ಲಿ ಆಡಿಕೊಳ್ಳಿ, ಹಿಂದೆ ಜನ ಕಾಯುತ್ತಿದ್ದಾರೆ, ಹಾಲಿನ ಬಾಟಲಿ, ಮೊಬೈಲು ಹೊರಗೆ ತೆಗೆದು ಚೀಲವನ್ನು ಪಟ್ಟಿಯ ಮೇಲೆ ಇಡಿ ಎಂದು ಅವಸರ ಮಾಡಿದಳು. ಅದಕ್ಕೆಲ್ಲ ಎರಡು ಕೈ ಬೇಕು. ಗಗನ ಕೂಸನ್ನು ಎತ್ತಿಕೊಂಡೇ ಸುತ್ತ ನೋಡಿದಳು. ತಾಯಿ ಚಪ್ಪಲಿ ಬಿಚ್ಚಬೇಕೋ ಬೇಡವೋ ಎಂದು ಪಕ್ಕದವರನ್ನು ವಿಚಾರಿಸುತ್ತಿದ್ದಳು.

ಗಗನ ಅಪ್ಪನ ಕಡೆ ತಿರುಗಿದಳು.

ನಿಂಗಯ್ಯ ರೂಢಿಯ ಹಾಗೆ ಎರಡೂ ಕೈಯ ಬೆರಳುಗಳನ್ನು ಅವಳ ಮೂಗಿನ ಮುಂದೆ ಚಾಚಿದ. ಚಾಚಿದ ಮೇಲೆ ನೆನಪಾಗಿ, ನಾಚಿಕೆಯಿಂದ ಹಿಂದಕ್ಕೆ ಎಳೆದುಕೊಳ್ಳಹೋದ. ಗಗನ ಮೂಸಲಿಲ್ಲ. ಆ ಬೆರಳುಗಳನ್ನು ಹಿಡಿದು ಕೆಳಕ್ಕೆ ಇಳಿಸಿ, ಅಂಗೈಗಳನ್ನು ಮೇಲ್ಮುಖ ಮಾಡಿ, ಕೂಸನ್ನು ಅವುಗಳ ಮೇಲೆ ಮಲಗಿಸಿದಳು.

"ತಲೆ ಹುಷಾರು ಅಪ್ಪ," ಎಂದು ಹೇಳಿ, ಚೀಲ ಬಿಚ್ಚಲು ಕೂತಳು.